ಓಡುವ ಮನೆಗೊಂದು ನಾಯಿ

ನಮ್ಮೂರಿನಲ್ಲಿ ನಾಯಿಯ ಪಕ್ಕೆಲುಬು ಕಂಡರೆ ಮಾತು ಬರುವುದು ನಾಯಿಗಲ್ಲ, ಮನೆಯ ಹೆಂಗಸಿಗೆ. ಮುಧೋಳ ನಾಯಿ ಬೇಡವೆಂದು ನಾನು ಹಟ ಹಿಡಿದದ್ದಕ್ಕೆ ಇದೊಂದೇ ಕಾರಣ. ಆ ತಳಿ ಹುಟ್ಟಾ ಸಣಕಲು. ತುಪ್ಪದಲ್ಲಿ ಅದ್ದಿ ತೆಗೆದರೂ ಉಪವಾಸ ಕೆಡವಿದಂತೆಯೇ ಕಾಣುತ್ತದೆ.

ನಾಯಿಯಂತೂ ಬೇಕೇ ಬೇಕಿತ್ತು. ಹೊಳಲ್ಕೆರೆಯ ನಮ್ಮದು ಓಡುವವರ ಮನೆ. ಗಂಡ ಸಿರಿಗೆರೆ ಕಡೆ ದೈಹಿಕ ಶಿಕ್ಷಣದ ಮೇಷ್ಟರು. ಮೊದಲ ಬಸ್ಸಿಗೇ ಹೋಗಿ ಊರ ಮಕ್ಕಳನ್ನೆಲ್ಲ ಓಡಿಸುತ್ತಾರೆ. ಮಗಳು ಕಾವ್ಯ ಕಾಲೇಜಿನ ಓಟಗಾರ್ತಿ. ನಾನೊಬ್ಬಳೇ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಕೂತವಳು. ನನ್ನ ಕಸುಬಿನಲ್ಲಿ ಓಡುವುದು ಸೂಜಿ ಮಾತ್ರ. ಒಂದು ಮುಂಜಾನೆ ಊರ ಹೊರಗಿನ ರಸ್ತೆಯಲ್ಲಿ ಇಬ್ಬರು ಬೈಕಿನವರು ಮಗಳ ಬೆನ್ನು ಹತ್ತಿದರು. ಅಂದಿನಿಂದ ಅವಳ ಶೂಗಳು ಬಾಗಿಲ ಹಿಂದೆ ಸೇರಿದವು. ಯಾರೋ ಇಬ್ಬರು ಪೋಲಿಗಳಿಗಾಗಿ ನನ್ನ ಮಗಳ ಓಟ ನಿಲ್ಲಬಾರದು, ಅವಳ ಪಕ್ಕ ಓಡಲು ಹಲ್ಲಿರುವ ಜೊತೆ ಬೇಕು ಎಂದು ತೀರ್ಮಾನಿಸಿದೆ.

ಗಂಡನ ಮತ ವಿಲಾಯಿತಿಯ ಬಾರ್ಡರ್ ಕೋಲಿಗೆ. "ಅದ್ರಷ್ಟು ಬುದ್ಧಿವಂತ ನಾಯಿ ಇನ್ನೊಂದಿಲ್ಲ ಕಣೇ, ಕುರಿ ಕಾಯಕಂತ್ಲೇ ಹುಟ್ಟೈತೆ" ಎಂದು ಮೊಬೈಲು ತೋರಿಸಿದರು. ತಳಿಗಳ ಬಗ್ಗೆ ಅಲ್ಲಿ ಏನು ಓದಿದರೂ ಒಂದೇ ಪ್ರಶ್ನೆ: ಈ ನಾಯಿಗೆ ದಿನಕ್ಕೆ ಎಷ್ಟು ವ್ಯಾಯಾಮ ಬೇಕು? ನನ್ನ ಬಗ್ಗೆ ಯಾರೂ ಈ ಪ್ರಶ್ನೆ ಕೇಳಿದ ನೆನಪಿಲ್ಲ.

ಚಿತ್ರದುರ್ಗದಲ್ಲಿ ಅವರ ಗೆಳೆಯರೊಬ್ಬರ ಮನೆಗೆ ಅದನ್ನು ನೋಡಲು ಹೋದೆವು. ನಾಯಿ ಬೊಗಳಲಿಲ್ಲ. ತಲೆ ತಗ್ಗಿಸಿ ಒಂದು ಸುತ್ತು ಹಾಕಿತು, ಮತ್ತೊಂದು ಸುತ್ತು ಹಾಕಿತು, ನಮ್ಮ ಮೂವರನ್ನೂ ಮೆತ್ತಗೆ ಸೋಫಾದ ಮೂಲೆಗೆ ಒತ್ತರಿಸಿತು. ತಲೆತಲಾಂತರದಿಂದ ಕುರಿ ಅಟ್ಟಿಕೊಂಡು ಬಂದ ಮನೆತನದವರು ನಾವು, ಕುರಿಗಳಂತೆಯೇ ನಿಂತಿದ್ದೆವು. ನಮ್ಮ ಬಿಸಿಲಿನಲ್ಲಿ ಅಷ್ಟು ದಟ್ಟ ಕೂದಲಿನ ಕಂಬಳಿ ಹೊದ್ದು ಓಡುವ ಪಾಡು ಅದಕ್ಕಾದರೂ ಏಕೆ? ಅಲ್ಲದೆ ಅದು ಮಗಳ ಜೊತೆ ಓಡುವುದಿಲ್ಲ, ಅವಳನ್ನು ಮನೆಗೆ ಅಟ್ಟಿಕೊಂಡು ಬರುತ್ತದೆ. ಆ ಕೆಲಸ ಬೈಕಿನವರು ಆಗಲೇ ಮಾಡಿದ್ದರು.

ಕೊನೆಗೆ ಮಾನ ಹೋದರೂ ಸರಿ ಎಂದು ಮುಧೋಳಕ್ಕೆ ಒಪ್ಪಿದೆ. ಹಿರಿಯೂರು ಕಡೆಯ ಯಲ್ಲದಕೆರೆಯಲ್ಲಿ ಕುರಿ ಸಾಕಿರುವ ಗಂಡನ ಅಕ್ಕ ಗಂಗಕ್ಕ, ಓಡುವ ವಯಸ್ಸಿಗೆ ಬಂದಿದ್ದ ಚಿಗರಿ ಎಂಬ ಹೆಣ್ಣುನಾಯಿಯನ್ನು ಕೊಟ್ಟರು. ಕೊಡುವಾಗ ತಮ್ಮ ಕಡೆಯ ಕಟ್ಟಳೆಯನ್ನೂ ಹೇಳಿದರು. "ಹೊಸ್ಲು ದಾಟಿದ ಮ್ಯಾಲೆ ಮೊದ್ಲು ಮುದ್ದೆ ಯಾರು ಹಾಕ್ತಾರೋ ಅವ್ರ ಬೆನ್ನು ಬಿಡಲ್ಲ ಇದು. ಹುಡ್ಗಿ ಕೈಲೇ ಹಾಕ್ಸು. ನೀನು ಸುಮ್ನೆ ಕುಂತ್ಕ."

ಸುಮ್ಮನೆ ಕೂರುವುದು ನನಗೆ ಬರುವ ವಿದ್ಯೆಯೇ. ಆದರೆ ಮನೆಗೆ ಬಂದು ಮಗಳು ಕೈಕಾಲು ತೊಳೆಯಲು ಹೋದಳೋ ಇಲ್ಲವೋ, ಎದುರುಮನೆಯ ಸಾಕಮ್ಮ ಗೇಟಿನಿಂದಲೇ ನಾಯಿಯನ್ನು ನೋಡಿ, "ಯಾಕಕ್ಕ, ಇಷ್ಟು ಬಡವಾಗೈತೆ, ಏನೂ ಹಾಕಲ್ವ?" ಅಂದಳು. ಹುಟ್ಟುಗುಣ ಸುಟ್ಟರೂ ಹೋಗದು. ನನ್ನ ಕೈ ತಾನಾಗಿಯೇ ಮುದ್ದೆ ಮುರಿದು, ಹಾಲಲ್ಲಿ ಕಲಸಿ, ಚಿಗರಿಯ ಮುಂದೆ ಇಟ್ಟಿತ್ತು. ಗಂಗಕ್ಕನ ಮಾತು ನೆನಪಾದದ್ದು ಅದು ತಟ್ಟೆ ನೆಕ್ಕಿ ಮುಗಿಸಿದ ಮೇಲೆ.

ಮರುದಿನ ಬೆಳಗ್ಗೆ ಮಗಳು ಎಷ್ಟೋ ದಿನದ ಮೇಲೆ ಶೂ ಕಟ್ಟಿದಳು. ಚಿಗರಿ ಗೇಟಿನ ತನಕ ಹೋಗಿ ಕೂತುಬಿಟ್ಟಿತು, ನನ್ನನ್ನೇ ನೋಡುತ್ತಾ. ಎಳೆದರೂ ಬರಲಿಲ್ಲ, ಬಿಸ್ಕತ್ತಿಗೂ ಬಗ್ಗಲಿಲ್ಲ. ಮಗಳು ಮೆಟ್ಟಿಲ ಮೇಲೆ ಕೂತು ಶೂ ದಾರಕ್ಕೆ ಕೈ ಹಾಕಿದಳು. ಅದನ್ನು ನೋಡುವುದು ನನ್ನಿಂದಾಗಲಿಲ್ಲ.

"ಬಿಚ್ಚಬ್ಯಾಡ. ನಡಿ, ಹೋಗಾಣ," ಎಂದು ಸೆರಗು ಸಿಕ್ಕಿಸಿ, ಗಂಡನ ಹಳೆಯ ಕ್ಯಾನ್ವಾಸ್ ಶೂ ಮೆಟ್ಟಿದೆ.

ಈಗ ದಿನವೂ ಬಿ.ದುರ್ಗದ ರಸ್ತೆಯಲ್ಲಿ ಮುಂದೆ ಮಗಳು, ಹಿಂದೆ ಏದುಸಿರು ಬಿಡುವ ನಾನು, ಇಬ್ಬರ ನಡುವೆ ಓಡಾಡುವ ಚಿಗರಿ. ಬೈಕಿನವರು ಒಮ್ಮೆ ಎದುರಾದರು, ಅಲ್ಲಿಂದಲೇ ಬೈಕು ಹಿಂದಕ್ಕೆ ತಿರುಗಿಸಿದರು. ಅವರು ಹೆದರಿದ್ದು ನಾಯಿಯ ಹಲ್ಲಿಗಲ್ಲ, ನಿನ್ನ ಮುಖಕ್ಕೆ ಎನ್ನುತ್ತಾರೆ ನನ್ನ ಗಂಡ.

ಮೊನ್ನೆ ಸಾಕಮ್ಮ ಮತ್ತೆ ಗೇಟಿಗೆ ಬಂದಳು. ಈ ಸಲ ಅವಳ ಕಣ್ಣು ನಾಯಿಯ ಮೇಲಿರಲಿಲ್ಲ. "ಯಾಕಕ್ಕ, ನೀವೂ ಬಡವಾದ್ರಲ್ಲ?"

"ಏನು ಮಾಡಾದು ಸಾಕಮ್ಮ," ಎಂದೆ, ಶೂ ದಾರ ಬಿಗಿಯುತ್ತಾ, "ನಮ್ಮ ತಳಿನೇ ಹಂಗೆ."