ಮೊಮ್ಮಗಳು ರಂಗೋಲಿ ಇಡದೆ ಬಿಟ್ಟ ಹೊಸಿಲು

ಹಾಸನದಿಂದ ಅರಕಲಗೂಡಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿಗೆ ಎಲ್ಲಾ ಹೇಳಿದೆ. ಅವಳು ಇಳಿದುಹೋದ ಮೇಲೆ ಆ ಜಾಗಕ್ಕೆ ಬಂದವಳಿಗೂ ಮೊದಲಿಂದ ಹೇಳಿದೆ. ಆದರೂ ಇನ್ನೂ ಹೊಟ್ಟೆಯೊಳಗೆ ಉಳಿದಿದೆ, ಅದಕ್ಕೇ ಬರೆಯುತ್ತಾ ಕೂತಿದ್ದೀನಿ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ಮೊಮ್ಮಗಳು ತಿದ್ದಿಕೊಡುತ್ತೀನಿ ಅಂದಿದ್ದಾಳೆ. ತಪ್ಪು ತಿದ್ದು, ಹೊಗಳಿಕೆ ಮಾತ್ರ ಹೊಡೆದುಹಾಕಬೇಡ ಅಂತ ಹೇಳಿದ್ದೀನಿ.

ಅವಳು ನನ್ನ ಮಗಳ ಮಗಳು, ಹೊಳೆನರಸೀಪುರದ ಹುಡುಗಿ. ಹಾಸನದಲ್ಲಿ ಇಬ್ಬರು ಗೆಳತಿಯರ ಜೊತೆ ರೂಮು ಮಾಡಿಕೊಂಡು ಚಿತ್ರ ಬರೆಯುವ ಓದು ಓದುತ್ತಾಳೆ. ಇದು ಕೊನೇ ವರ್ಷ. ಕೊನೇ ವರ್ಷದವರು ತಮ್ಮದೊಂದು ಕೆಲಸವನ್ನು ಊರ ಜನರ ಮುಂದೆ ಪ್ರದರ್ಶನಕ್ಕೆ ಇಡಬೇಕಂತೆ. ಇಟ್ಟರೆ ಪಾಸು, ಇಲ್ಲದಿದ್ದರೆ ಇನ್ನೊಂದು ವರ್ಷ ಕೂರಬೇಕು.

ರೂಮಿನಲ್ಲಿ ಜಾಗ ಸಾಲದೆ ಅವಳು ತನ್ನ ಚಿತ್ರವನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಹಾಸಿಕೊಂಡು ಬರೆದಳು. ಮಂಚದಷ್ಟು ಅಗಲದ ಬಟ್ಟೆ. ಮೇಲೆ ಗಲ್ಲಿನ ಹಗ್ಗ, ಅದರ ಮುಂದೆ ಸಾಲಾಗಿ ಕುರ್ಚಿ ಹಾಕಿಕೊಂಡು ಜನ, ಒಬ್ಬೊಬ್ಬರ ತೊಡೆಯ ಮೇಲೂ ಕಡಲೆಪುರಿ ಪೊಟ್ಟಣ. ಅದರಲ್ಲಿ ಒಬ್ಬಳ ಮುಖ ಥೇಟ್ ನನ್ನದೇ. ಇದ್ಯಾಕೆ ಅಂತ ಕೇಳಿದರೆ, ಟೀವಿಯಲ್ಲಿ ಮಗು ಕೊಂದ ಯಾವನಿಗೋ ಗಲ್ಲು ಅಂತ ತೀರ್ಪು ಬಂದಾಗ ನೀನು ಚಪ್ಪಾಳೆ ತಟ್ಟಿದ್ದೆ ಅಂದಳು. ತಟ್ಟಿದ್ದು ನಿಜ. ಕಡಲೆಪುರಿ ಮಾತ್ರ ಸುಳ್ಳು, ನನಗೆ ಹಲ್ಲಿಲ್ಲ.

ಆವತ್ತು ನನ್ನ ನಾದಿನಿಯೂ ಚನ್ನರಾಯಪಟ್ಟಣದಿಂದ ಬಂದಿದ್ದಳು. ಅವಳದು ಖಂಡತುಂಡ ಮಾತು. ಎಳೇ ಮಗುವನ್ನು ಕೊಂದವನಿಗೆ ಜೈಲಿನಲ್ಲಿ ಕೂರಿಸಿ ಮುದ್ದೆ ಹಾಕಬೇಕಾ, ನೇಣಿಗೆ ಹಾಕಲಿ ಅಂದಳು. ಮೊಮ್ಮಗಳು ಕುಂಚ ಕೆಳಗಿಟ್ಟು, ಕೋರ್ಟು ತಪ್ಪು ಮಾಡಿದ್ದರೆ ಹೋದ ಜೀವ ವಾಪಸ್ ತರುತ್ತೀಯಾ, ಒಳ್ಳೇ ಲಾಯರು ಇಡಕ್ಕೆ ಆಗದ ಬಡವನ ಕುತ್ತಿಗೆಗೇ ಹಗ್ಗ ಬೀಳೋದು ಅಂತ ಶುರುಮಾಡಿದಳು. ನಾನು ಇಬ್ಬರಿಗೂ ಕಾಫಿ ಕೊಟ್ಟೆ. ಯಾರು ಮಾತಾಡುತ್ತಿದ್ದರೆ ಅವರದೇ ಸರಿ ಅನ್ನಿಸುತ್ತಿತ್ತು ನನಗೆ.

ಚಿತ್ರ ಹಾಸನಕ್ಕೆ ಹೋಯಿತು. ಪ್ರದರ್ಶನದ ಉಸ್ತುವಾರಿ ಸಾಹೇಬರು ಒಪ್ಪಲಿಲ್ಲ. ದೊಡ್ಡ ಮನುಷ್ಯರು ಉದ್ಘಾಟನೆಗೆ ಬರುತ್ತಾರೆ, ರಾಜಕೀಯ ಬೇಡ, ಹಗ್ಗದ ಜಾಗದಲ್ಲಿ ಹೂವಿನ ಹಾರ ಬರೆದುಬಿಡು ಅಂದರಂತೆ. ಬರೆಯಲ್ಲ ಅಂದಿದ್ದಾಳೆ. ಹಾಗಾದರೆ ಐದು ದಿನದಲ್ಲಿ ಬೇರೆ ಏನಾದರೂ ತಾ, ಇಲ್ಲದಿದ್ದರೆ ನಿನ್ನ ಜಾಗ ಖಾಲಿ ಅಂತ ಕಳಿಸಿದ್ದಾರೆ. ಫೋನಿನಲ್ಲಿ ಇದನ್ನೆಲ್ಲಾ ಹೇಳುವಾಗ ಅವಳು ಅಳಲಿಲ್ಲ. ಅಳುಬುರುಕಿ ಅಳದೆ ಇದ್ದಿದ್ದು ಕೇಳಿ ನನಗೆ ದಿಗಿಲಾಯಿತು. ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡು ಬಸ್ಸು ಹತ್ತಿದೆ.

ಮಾರನೇ ದಿನ ಶುಕ್ರವಾರ. ಎದ್ದವಳೇ ಅಭ್ಯಾಸಬಲ, ಮೊಮ್ಮಗಳ ರೂಮಿದ್ದ ಮನೆಯ ಗೇಟಿನ ಮುಂದೆ ಗುಡಿಸಿ, ನೀರು ಹಾಕಿ ಸಾರಿಸಿದೆ. ರಂಗೋಲಿಗೆ ಅಂತ ಒಳಗೆ ಹುಡುಕಿದರೆ ಆ ಹುಡುಗಿಯರ ರೂಮಿನಲ್ಲಿ ಹತ್ತು ಥರದ ಬಣ್ಣ ಇದೆ, ಒಂದು ಚಿಟಿಕೆ ರಂಗೋಲಿ ಪುಡಿ ಇಲ್ಲ. ಸರಿ ಬಿಡು ಅಂತ ತಲೆಕೂದಲು ಬಿಚ್ಚಿಕೊಂಡು ಮೆಟ್ಟಿಲ ಮೇಲೆ ಬಾಚಲು ಕೂತೆ. ಮಹಡಿಯಿಂದ ಮನೆ ಓನರಮ್ಮ ಬಗ್ಗಿ ನೋಡಿದವಳು ಧಡಧಡ ಇಳಿದು ಬಂದಳು.

"ಯಾರಿಗವ್ವ ಏನಾಯ್ತು? ಮಕ್ಳು ಒಳಗವ್ರಾ?" ಅಂದಳು.

ನನಗೆ ಆಗ ಹೊಳೆಯಿತು. ಬಾಗಿಲು ಸಾರಿಸಿದೆ, ರಂಗೋಲಿ ಇಲ್ಲ, ಮುದುಕಿ ಕೂದಲು ಬಿಟ್ಟುಕೊಂಡು ಕೂತಿದ್ದಾಳೆ. ನಮ್ಮ ಕಡೆ ಸಾವಾದ ಮನೆ ಮುಂದೆ ಹೀಗೇ ತಾನೇ? ಪುಡಿ ಇರಲಿಲ್ಲ ತಾಯಿ, ಇನ್ನೇನಿಲ್ಲ ಅಂದೆ. ಎದೆ ಒಡೆದುಹೋಗಿತ್ತು ಅಂತ ಬೈದುಕೊಂಡೇ ಹೋಗಿ ಒಂದು ಚಿಪ್ಪು ಪುಡಿ ತಂದು ಬಗ್ಗಿದಳು. ಅಷ್ಟರಲ್ಲಿ ಮೊಮ್ಮಗಳು ಬಾಯಲ್ಲಿ ಬ್ರಷ್ಷು ಇಟ್ಟುಕೊಂಡೇ ಓಡಿಬಂದು ಅವಳ ಕೈ ಹಿಡಿದುಕೊಂಡಳು. ಹಾಕಬೇಡಿ ಆಂಟಿ, ಒಂದು ನಿಮಿಷ ಹಾಗೇ ಇರಲಿ ಅಂತ ಆ ಒದ್ದೆ ನೆಲವನ್ನೇ ನೋಡುತ್ತಾ ನಿಂತಳು. ಆಮೇಲೆ ನನ್ನನ್ನು ತಬ್ಬಿಕೊಂಡಳು. ಸೀರೆಯೆಲ್ಲಾ ಪೇಸ್ಟು.

ನಮ್ಮ ಮನೆಗೆ ಹೊಸ ಬಾಗಿಲು ಇಟ್ಟಾಗ ತೆಗೆದ ಹಳೇ ಬಾಗಿಲುವಾಡ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಅದು ಹೊಸಿಲು ಸಮೇತ ಲಗೇಜ್ ಆಟೋದಲ್ಲಿ ಹಾಸನಕ್ಕೆ ಬಂತು. ಪ್ರದರ್ಶನದ ಹಾಲಿನಲ್ಲಿ ಅದನ್ನು ನಿಲ್ಲಿಸಿ, ಮುಂದೆ ಹಲಗೆ ಹಾಸಿ, ಕೆಮ್ಮಣ್ಣು ಮೆತ್ತಿದರು. ಸಗಣಿ ಹಾಕಿ ಸಾರಿಸಿದ್ದು ನಾನು. ಅಂಥಾ ದೊಡ್ಡ ಹಾಲಿನಲ್ಲಿ ಹುಡುಗರೆಲ್ಲಾ ಸುತ್ತ ನಿಂತು ನಾನು ಕೈಯಾಡಿಸುವುದನ್ನು ನೋಡುತ್ತಿದ್ದರು. ಐವತ್ತು ವರ್ಷದಿಂದ ಸಾರಿಸುತ್ತಿದ್ದೀನಿ, ಒಬ್ಬರೂ ಹಾಗೆ ನೋಡಿರಲಿಲ್ಲ. ಪಕ್ಕದಲ್ಲಿ ಓನರಮ್ಮನ ಚಿಪ್ಪು, ಅದರ ತುಂಬಾ ಪುಡಿ. ಅಷ್ಟೇ. ಒಂದಕ್ಷರ ಬರೆದು ಹಾಕಿರಲಿಲ್ಲ.

ಉದ್ಘಾಟನೆಯ ಹಿಂದಿನ ದಿನ ಸಾಹೇಬರು ಪರೀಕ್ಷೆಗೆ ಬಂದರು. ಕನ್ನಡಕ ಸರಿಮಾಡಿಕೊಂಡು ಬಾಗಿಲುವಾಡದ ಹಿಂದೆ ಬಗ್ಗಿ ನೋಡಿದರು, ಎಲ್ಲಾದರೂ ಹಗ್ಗ ಬಚ್ಚಿಟ್ಟಿದ್ದಾಳೇನೋ ಅಂತ. ಏನೂ ಸಿಗಲಿಲ್ಲ. ಖುಷಿಯಾಗಿ, ನಮ್ಮ ಸಂಸ್ಕೃತಿ, ಚೆನ್ನಾಗಿದೆ ಅಂತ ತಲೆದೂಗಿ ಮುಂದಕ್ಕೆ ಎರಡು ಹೆಜ್ಜೆ ಹೋದರು. ಹೋದವರು ನಿಂತರು. ತಿರುಗಿ ನೋಡಿದರು. ಎಷ್ಟಾದರೂ ಅವರೂ ನಮ್ಮ ಜಿಲ್ಲೆಯವರೇ ತಾನೇ. ದನಿ ತಗ್ಗಿಸಿಕೊಂಡು ಕೇಳಿದರು.

"ಯಾರಮ್ಮ ಹೋಗಿದ್ದು?"

"ಇನ್ನೂ ಯಾರೂ ಹೋಗಿಲ್ಲ ಸಾರ್. ದಿನ ಗೊತ್ತುಮಾಡವ್ರೆ ಅಷ್ಟೇ," ಅಂದಳು ಮೊಮ್ಮಗಳು.

ಗಲ್ಲಿಗೆ ಹೋಗುವವನ ಮನೆ ಬಾಗಿಲು ಇದು ಅಂತ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಮುಖ ಕೆಂಪಾಯಿತು. ಏನನ್ನ ತೆಗೆಸುವುದು ಅಂತ ಮೇಲಿಂದ ಕೆಳಕ್ಕೆ ನೋಡಿದರು. ಬಾಗಿಲುವಾಡ ತೆಗಿ ಅನ್ನೋಣವೇ, ಈಗತಾನೇ ಸಂಸ್ಕೃತಿ ಅಂದಿದ್ದಾರೆ. ಕೊನೆಗೆ, ಒಂದು ಚಿಕ್ಕ ರಂಗೋಲಿ ಹಾಕಿಬಿಡಮ್ಮ, ಮುಗಿದುಹೋಗುತ್ತೆ ಅಂದರು. ಮೊಮ್ಮಗಳ ಮುಖ ಕಪ್ಪಿಟ್ಟಿತು. ಇಷ್ಟು ದಿನದ ಕೆಲಸ ಒಂದು ಎಳೆಯಲ್ಲಿ ಹೋಗುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಚಿಪ್ಪು ತಗೊಂಡು ಅವರ ಮುಂದೆ ಹಿಡಿದೆ.

"ಸಾವಿನ ಮನೆ ಬಾಗ್ಲಿಗೆ ನಮ್ಮ ಕೈ ಬರಕಿಲ್ಲ ಸ್ವಾಮಿ. ನೀವು ಓದಿದೋರು, ನೀವೇ ಹಾಕ್ಬುಡಿ."

ಪಾಪ, ಕೈ ಮುಂದಕ್ಕೆ ಬಂತು. ಎರಡು ಬೆರಳಲ್ಲಿ ಪುಡಿ ತೆಗೆದುಕೊಂಡು ಬಗ್ಗಿದರು ಕೂಡ. ಬಗ್ಗಿದವರು ಹಾಗೇ ಎದ್ದು ಪುಡಿಯನ್ನು ಚಿಪ್ಪಿಗೆ ವಾಪಸ್ ಹಾಕಿ, ಕರ್ಚೀಫಿನಲ್ಲಿ ಬೆರಳು ಒರೆಸಿಕೊಂಡರು. ಇರಲಿ ಬಿಡಿ ಅಂದು ಹೊರಟರು. ಅವರು ಬಾಗಿಲು ದಾಟುವ ತನಕ ನಾನು ಚಿಪ್ಪು ಹಿಡಿದೇ ನಿಂತಿದ್ದೆ. ಆಮೇಲೆ ಇವಳು ಅತ್ತಳು ನೋಡಿ, ನನಗೆ ಸಮಾಧಾನವಾಯಿತು.

ಪ್ರದರ್ಶನ ಮೂರು ದಿನ. ಬಂದ ಜನ ಬೇರೆ ಚಿತ್ರಗಳ ಮುಂದೆ ಫೋಟೋ ತೆಗೆಸಿಕೊಂಡು ಗಲಾಟೆ ಮಾಡಿಕೊಂಡು ಬರುತ್ತಿದ್ದವರು ಇಲ್ಲಿಗೆ ಬಂದ ತಕ್ಷಣ ಮೆತ್ತಗಾಗುತ್ತಿದ್ದರು. ಕೆಲವರು ಚಪ್ಪಲಿ ಬಿಟ್ಟರು. ಯಾರು ಹೋದರು ಅಂತ ಕೇಳುವುದು, ಇವಳು ಹೇಳುವುದು, ಅಲ್ಲಿಂದ ಮಾತು ಶುರು.

ಎರಡನೇ ದಿನ ನಾದಿನಿ ಚನ್ನರಾಯಪಟ್ಟಣದಿಂದ ಬಂದಳು. ಯಾರನ್ನೂ ಕೇಳಲಿಲ್ಲ, ನೋಡಿದ ತಕ್ಷಣ ಅವಳಿಗೆ ತಿಳಿಯಿತು. ಸೆರಗು ಹೊದ್ದುಕೊಂಡು ಬಹಳ ಹೊತ್ತು ನಿಂತಿದ್ದು ಮೊಮ್ಮಗಳ ಕಡೆ ತಿರುಗಿದಳು.

"ಅಲ್ಲ ಕಣವ್ವ, ಅವನು ಕೊಂದ್ನಲ್ಲ ಆ ಮಗು, ಅದ್ರ ಮನೆ ಮುಂದೆ ರಂಗೋಲಿ ಇತ್ತಾ?"

"ಇರ್ಲಿಲ್ಲ ಅಜ್ಜಿ."

"ಮತ್ತೆ ಒಂದೇ ಬಾಗ್ಲು ಮಡಗಿದ್ದೀಯಲ್ಲ."

ನಾನು ನಾದಿನಿಯನ್ನು ಗದರಿಸಬೇಕು ಅಂತಿದ್ದೆ, ಹುಡುಗಿ ಕೆಲಸ ಹಾಳುಮಾಡಲು ಬಂದೆಯಾ ಅಂತ. ಆದರೆ ಮೊಮ್ಮಗಳು ಅವಳ ಕೈ ಹಿಡಿದುಕೊಂಡು, ಹೌದಜ್ಜಿ, ನಾನು ಯೋಚನೆಯೇ ಮಾಡಿರಲಿಲ್ಲ ಅಂದಳು. ಆ ಸಾಯಂಕಾಲ ಗೆಳತಿಯರ ಜೊತೆ ಹಳೇ ಮರದ ಅಂಗಡಿಗೆ ಹೋಗಿ ಇನ್ನೊಂದು ಬಾಗಿಲುವಾಡ ಕೇಳಿ ತಂದಳು. ಎದುರುಬದುರು ನಿಲ್ಲಿಸಿದರು. ಅದರ ಮುಂದೆ ಸಾರಿಸಿದ್ದು ನಾದಿನಿ. ನನಗಿಂತ ಅವಳ ಕೈ ನಯ, ಒಪ್ಪಿಕೊಳ್ಳಬೇಕು.

ಮೂರನೇ ದಿನ ಅಲ್ಲಿ ಜನ ಕರಗಲೇ ಇಲ್ಲ. ಆ ಬಾಗಿಲ ಕಡೆಯವರು, ಈ ಬಾಗಿಲ ಕಡೆಯವರು, ನಡುವೆ ನಿಂತು ಏನೂ ತೋಚದ ನನ್ನಂಥವರು. ಹೊರಗಿನಿಂದ ನಂಬರು ಹಾಕಲು ಬಂದಿದ್ದ ಮೇಷ್ಟ್ರು ಕೂಡ ನಾದಿನಿಯ ಕೈಗೆ ಸಿಕ್ಕಿಕೊಂಡು, ನೇಣು ಯಾಕೆ ಬೇಡ ಅಂತ ಅವಳಿಗೆ ತಿಳಿಸಿಹೇಳಲು ಹೋಗಿ ಬೆವತರು. ಆಮೇಲೆ ಮೊಮ್ಮಗಳ ಹತ್ತಿರ ಬಂದು, ಪಾಸು, ಅದೂ ಎಲ್ಲರಿಗಿಂತ ಮೇಲೆ ಅಂತ ಹೇಳಿದರು. ನಾನು ಅಲ್ಲೇ ನೆಟಿಗೆ ಮುರಿದೆ. ನಾದಿನಿಗೆ ಕೂಗಿ ಹೇಳಿದರೆ ಅವಳಿಗೆ ಕೇಳಿಸಲೇ ಇಲ್ಲ, ಅಷ್ಟರಲ್ಲಿ ಇನ್ನಿಬ್ಬರನ್ನು ಹಿಡಿದುಕೊಂಡಿದ್ದಳು. ಬೆಳಿಗ್ಗೆಯಿಂದ ನಿಂತೇ ಇದ್ದಳು, ಮಂಡಿ ನೋವು ಬೇರೆ.

ದೂರದಿಂದ ನೋಡುತ್ತಿದ್ದ ಸಾಹೇಬರು ಆಫೀಸಿಗೆ ಹೋಗಿ ಸೀದಾ ಅವಳ ಹತ್ತಿರ ಬಂದರು. ಬಾಯಿ ಮುಚ್ಚಿಸಲು ಬಂದರು ಅಂದುಕೊಂಡೆ. ಅವರು ಆಫೀಸಿನಿಂದ ತಾವೇ ಎತ್ತಿಕೊಂಡು ಬಂದಿದ್ದ ಕುರ್ಚಿಯನ್ನು ಎರಡು ಬಾಗಿಲಿನ ನಡುವೆ ಹಾಕಿ, "ಕೂತ್ಕೊಂಡು ಜಗಳ ಆಡಿ ಅಮ್ಮ," ಅಂದರು.