ಉಬ್ಬಲು ಬಿಟ್ಟ ಜಾಗ

ಈಸ್ಟು ಹಾಕಿ ನಾದಿಟ್ಟ ಮೈದಾ ಹಿಟ್ಟಿಗೆ ಒಂದು ವಾಸನೆಯಿರುತ್ತದೆ. ತುಸು ಹುಳಿ, ತುಸು ಸಿಹಿ, ಈಚಲು ಹೆಂಡಕ್ಕೆ ಹತ್ತಿರದ್ದು. ಯಾವುದಾದರೂ ಊರಿನಲ್ಲಿ ಬೇಕರಿಯ ಹಿಂಬಾಗಿಲ ಬಳಿ ಅದು ಮೂಗಿಗೆ ಬಂದರೆ ಈಗಲೂ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದೆ ಇದ್ದ ನಮ್ಮ ತಗಡಿನ ಮನೆ, ಶೇಂಗಾ ಹೊಟ್ಟಿನ ಒಲೆಯ ಮುಂದೆ ಕೂತ ಅವ್ವ, ನಡುಮನೆಯ ಗೋಡೆಗೆ ಒರಗಿದ ಚಿಕ್ಕಪ್ಪ, ಅವನ ಪಕ್ಕದಲ್ಲಿ ಚಿಗವ್ವ, ಎಲ್ಲರೂ ಒಟ್ಟಿಗೆ ಕಣ್ಣ ಮುಂದೆ ಬರುತ್ತಾರೆ. ಹೀಗೆ ಒಂದು ವಾಸನೆಯೊಳಗೆ ಮಾತ್ರ ಉಳಿದಿರುವ ಮನೆ ನಿಮಗೂ ಒಂದು ಇದ್ದೀತು.

ಚಿಕ್ಕಪ್ಪ ಎಂದರೆ ನಮ್ಮಪ್ಪನ ತಮ್ಮ. ಬಳ್ಳಾರಿಯ ಒಂದು ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದಲ್ಲಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಬಲಗಾಲು ಎಳೆಯತೊಡಗಿತು, ಮಾತು ಪೂರ್ತಿ ನಿಂತಿತು. ಅವನ ಹೆಂಡತಿ, ನಮ್ಮ ಚಿಗವ್ವ, ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಬಂದವನು ಹಗಲೆಲ್ಲ ತೊಡೆಯ ಮೇಲೆ ಬಿದ್ದಿರುತ್ತಿದ್ದ ಆ ಕೈಯನ್ನೇ ನೋಡುತ್ತ ಕೂರುತ್ತಿದ್ದ. ಯಾರಾದರೂ ಮಾತಾಡಿಸಲು ಬಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದ. ಬೀದಿಗಂತೂ ಇಳಿಯುತ್ತಲೇ ಇರಲಿಲ್ಲ. ಒಂದು ದಿನ ಚಿಗವ್ವ ಪೇಟೆಯಿಂದ ಮೈದಾ, ಈಸ್ಟು ತಂದಳು. ಅವಳು ಜನ್ಮದಲ್ಲಿ ಬ್ರೆಡ್ಡು ಮಾಡಿದವಳಲ್ಲ. ಅವ್ವ ಯಾಕೆಂದು ಕೇಳಿದ್ದಕ್ಕೆ, "ಕೈ ನೋಡ್ಕಂಡು ಕುಂತಿರ್ತಾರೆ ಕಣಕ್ಕಾ. ಕಣ್ಣಿಗೆ ಹಿಟ್ಟಾದ್ರೂ ಕಾಣ್ಲಿ" ಅಂದಳು.

ಚಿಗವ್ವ ಹಿಟ್ಟು ಕಲಸಿ, ಅಜ್ಜಿ ಅವಲಕ್ಕಿ ಇಡುತ್ತಿದ್ದ ಸ್ಟೀಲ್ ಡಬ್ಬದಲ್ಲಿ ತುಂಬಿ, ಮುಚ್ಚಳ ಒತ್ತಿ ಹಾಕಿದಳು. ಚಿಕ್ಕಪ್ಪ ಅಂದು ಮೊದಲ ಸಲ ಕತ್ತೆತ್ತಿ ಎಡಗೈ ಆಡಿಸಿದ. ಬೇಡ ಬೇಡ ಎನ್ನುತ್ತಿದ್ದಾನೆಂದು ನಮಗೆ ತಿಳಿಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಠಣ್ಣೆಂದು ಮುಚ್ಚಳ ಹಾರಿ ಅಜ್ಜಿಯ ತಟ್ಟೆಯ ಪಕ್ಕಕ್ಕೆ ಬಿತ್ತು. ಡಬ್ಬದ ಬಾಯಿಂದ ಬೆಳ್ಳಗಿನದೊಂದು ಜೀವ ನಿಧಾನವಾಗಿ ಹೊರಗೆ ಬಂದು ಅಂಚಿನ ಮೇಲಿಂದ ಜೋತುಬೀಳುತ್ತಿತ್ತು. ಆಂಧ್ರದ ಗಡಿಯಲ್ಲಿರುವ ದೇವಸಮುದ್ರದ ಕಡೆಯ ಅಜ್ಜಿ ಗಾಬರಿಯಾದರೆ ತೆಲುಗಿಗೆ ಇಳಿಯುತ್ತಿದ್ದಳು. "ಅಮ್ಮೋ, ಏಮಿದಿ!" ಎಂದು ಕಾಲು ಎಳೆದುಕೊಂಡಳು. ಆಗ ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಚಿಕ್ಕಪ್ಪ ನಗುತ್ತಿದ್ದ. ಅರ್ಧ ಮುಖವಷ್ಟೇ ನಗುತ್ತಿತ್ತು, ಕಣ್ಣು ಮಾತ್ರ ಎರಡೂ ನಗುತ್ತಿದ್ದವು. ಚಿಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಅಂದಿನಿಂದ ಅಡುಗೆಮನೆಯ ಪಾತ್ರೆಗಳೆಲ್ಲ ಒಂದೊಂದಾಗಿ ನಡುಮನೆಗೆ ಬಂದವು. ಅಗಲವಾದ ಪರಾತದಲ್ಲಿ ಇಟ್ಟ ಹಿಟ್ಟು ಮೇಲೇಳುವ ಬದಲು ಹರಡಿಕೊಂಡು ಮೈಮೇಲೆ ಒಣಹೊಪ್ಪಳೆ ಕಟ್ಟಿತು. ಕೊನೆಗೆ ಚಿಕ್ಕಪ್ಪ ಅವ್ವ ಸಾರು ಮಾಡುವ ಆಳವಾದ ಅಲ್ಯುಮಿನಿಯಂ ಪಾತ್ರೆಯ ಕಡೆ ಬೆರಳು ಮಾಡಿದ. ಹಿಟ್ಟು ಅದರ ತಳದಲ್ಲಿ ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಮಲಗಿತು. ಇಷ್ಟು ಹಿಟ್ಟಿಗೆ ಇಷ್ಟು ದೊಡ್ಡ ಪಾತ್ರೆಯೇ ಎಂದು ನನಗೆ ನಗು ಬಂತು. ಚಿಕ್ಕಪ್ಪ ಪಾತ್ರೆಯ ಬಾಯಿಗೆ ಒದ್ದೆ ಬಟ್ಟೆ ಹೊದಿಸಿ, ನನ್ನ ಕೈ ಹಿಡಿದು ಬಟ್ಟೆಯ ಮೇಲೆ ಇಡಿಸಿದ. ಮೊದಲು ಕೆಳಗೆ ಏನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಬಟ್ಟೆ ನನ್ನ ಅಂಗೈಗೆ ಮೆಲ್ಲಗೆ ತಾಗಿತು. ಒಳಗಿನಿಂದ ಯಾರೋ ಎದ್ದು ಬಂದು ಮುಟ್ಟಿದ ಹಾಗಿತ್ತು.

ಹಿಟ್ಟಿಗೆ ಪಾತ್ರೆ ಸಿಕ್ಕಿತು, ಬೇಯಿಸುವ ಅಚ್ಚು ಸಿಗಲಿಲ್ಲ. ಊಟದ ತಟ್ಟೆಯಲ್ಲಿ ಬೇಯಿಸಿದ್ದು ರೊಟ್ಟಿಯಂತೆ ಚಪ್ಪಟೆಯಾಯಿತು. ಚೊಂಬಿನಲ್ಲಿಟ್ಟದ್ದು ಹೊರಗೆ ಕರಕಲು, ಒಳಗೆ ಹಸಿ. ಆಗ ಚಿಗವ್ವ ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. ಪೇಟೆಯಲ್ಲಿ ಹಳೇ ಎಣ್ಣೆ ಡಬ್ಬ ಕತ್ತರಿಸಿ ಲಾಳಿಕೆ, ಜರಡಿ ಮಾಡಿಕೊಡುವ ಸಾಬರೊಬ್ಬರಿದ್ದರು. ಹೊಸಿಲು ದಾಟುವಾಗ ಹಿಂದೆ ಕಾಲು ಎಳೆಯುವ ಸದ್ದಾಯಿತು. ತಿರುಗಿ ನೋಡಿದರೆ ಚಿಕ್ಕಪ್ಪ ಚಪ್ಪಲಿ ಮೆಟ್ಟುತ್ತಿದ್ದ. ಎಲ್ಲಿ ಮಾತಾಡಿದರೆ ವಾಪಸು ಕೂತುಬಿಡುತ್ತಾನೋ ಎಂದು ಅಜ್ಜಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟು, ಅವರ ಹಿಂದೆ ಹೋಗು ಎಂದು ಕಣ್ಣಲ್ಲೇ ಹೇಳಿದಳು.

"ಎಷ್ಟು ಉದ್ದ ಬೇಕಮ್ಮಾ?" ಎಂದು ಸಾಬರು ಕೇಳಿದರು. ಚಿಗವ್ವ ಬಟ್ಟೆ ಬಿಚ್ಚಿ ಹಿಟ್ಟನ್ನು ಅವರ ಮುಂದಿಟ್ಟಳು. "ಇದಕ್ಕೊಂದು ಮನೆ ಕಟ್ಕೊಡ್ರಿ ಸಾಬ್ರೆ." ಸಾಬರು ನಕ್ಕು, ಹಿಟ್ಟಿನ ಎತ್ತರಕ್ಕೆ ಸರಿಯಾಗಿ ತಗಡಿನ ಮೇಲೆ ಗೀರು ಎಳೆಯಲು ಹೋದರು. ಚಿಕ್ಕಪ್ಪ ಅವರ ಕೈ ಹಿಡಿದ. ತನ್ನ ಎಡಗೈಯನ್ನು ಹಿಟ್ಟಿನ ಮೇಲೆ ಎತ್ತರಕ್ಕೆ ಹಿಡಿದು ತೋರಿಸಿದ. "ಇಷ್ಟು ಹಿಟ್ಟಿಗೆ ಅಷ್ಟೆತ್ತರ ಯಾಕೆ ಭಾಯ್? ಅರ್ಧ ಖಾಲಿ ಉಳೀತೈತೆ" ಎಂದರು ಸಾಬರು. ಚಿಕ್ಕಪ್ಪನ ತುಟಿ ಅದುರಿತು. ಕತ್ತಿನ ನರ ಉಬ್ಬಿತು. "ಬೆ... ಬೆಳೀತೈತೆ" ಅಂದ.

ಚಿಗವ್ವ ಅಲ್ಲೇ ತಗಡಿನ ಚೂರುಗಳ ನಡುವೆ ಕೂತುಬಿಟ್ಟಳು. ಸಾಬರಿಗೆ ಏನಾಯಿತೆಂದು ತಿಳಿಯಲಿಲ್ಲ, ಆದರೂ ಅವನು ತೋರಿಸಿದ ಎತ್ತರಕ್ಕೇ ತಗಡು ಕತ್ತರಿಸಿ, ಮಡಿಸಿ, ಬಡಿಯತೊಡಗಿದರು. ಅಚ್ಚು ಮುಗಿಯುವ ಹೊತ್ತಿಗೆ ಬಿಸಿಲಿನ ಕಾವಿಗೆ ಹಿಟ್ಟು ಬಟ್ಟೆಯ ಮೇಲೆಯೇ ಉಬ್ಬಿ ದುಂಡಗಾಗಿತ್ತು. ಸಾಬರು ಸುತ್ತಿಗೆ ಕೆಳಗಿಟ್ಟು, "ಯಾ ಅಲ್ಲಾ" ಎಂದು ಅದನ್ನೇ ನೋಡಿದರು. ಪಕ್ಕದ ಅಂಗಡಿಯವರೂ ಬಂದು ನೋಡಿದರು. ಚಿಕ್ಕಪ್ಪ ಅವರ ನಡುವೆ ಎದೆಯುಬ್ಬಿಸಿ ನಿಂತಿದ್ದ.

ಅಂದು ಸಂಜೆ ಅಚ್ಚಿಗೆ ಶೇಂಗಾ ಎಣ್ಣೆ ಸವರಿ, ಹಿಟ್ಟನ್ನು ಅರ್ಧದವರೆಗೆ ಮಾತ್ರ ಇಟ್ಟು, ಮತ್ತೆ ಏಳಲು ಬಿಟ್ಟು, ಹಳ್ಳದ ಮರಳು ಕಾಯಿಸಿದ ದೊಡ್ಡ ಪಾತ್ರೆಯೊಳಗೆ ಇಳಿಸಿದೆವು. ಮುಚ್ಚಳದ ಮೇಲೆ ಅವ್ವ ಕೆಂಡ ಹರಡಿದಳು. ತೆಗೆದಾಗ ಬ್ರೆಡ್ಡು ಅಚ್ಚಿನ ಅಂಚಿಗಿಂತ ಮೇಲೆ ಕೆಂಪಗೆ ತಲೆಯೆತ್ತಿತ್ತು. ಬ್ರೆಡ್ಡೆಂದರೆ ಜ್ವರದವರ ಊಟ ಎಂದು ನಂಬಿದ್ದ ಅಜ್ಜಿ ಒಂದು ತುಂಡು ಬಾಯಿಗಿಟ್ಟು, "ಹತ್ತಿ ಐತಲ್ಲೇ ಇದು!" ಎಂದು ಇನ್ನೊಂದಕ್ಕೆ ಕೈ ಚಾಚಿದಳು.

ಚಿಕ್ಕಪ್ಪನಿಗೆ ಮುಂದೆ ಕೆಲವು ಮಾತುಗಳು ಬಂದವು, ಬಹಳವೇನೂ ಬರಲಿಲ್ಲ. ಕೆಲವು ವರ್ಷ ಬದುಕಿದ್ದ. ಭಾನುವಾರಗಳಂದು ನಮ್ಮ ಬೀದಿಯಲ್ಲಿ ಆ ವಾಸನೆ ಇರುತ್ತಿತ್ತು. ಅವನು ಹೋದ ಮೇಲೆ ಅಜ್ಜಿ ಹೋದಳು, ನಾವು ಬೇರೆ ಮನೆಗೆ ಹೋದೆವು, ಚಿಗವ್ವ ಮೊಳಕಾಲ್ಮೂರಿನಾಚೆ ಸಿದ್ದಾಪುರದಲ್ಲಿ ಕುರಿ ಸಾಕಿಕೊಂಡಿದ್ದ ತನ್ನ ತಮ್ಮನ ಮನೆ ಸೇರಿದಳು. ಒಮ್ಮೆ ಅವಳನ್ನು ನೋಡಲು ಹೋಗಿದ್ದೆ. ತಮ್ಮನ ಮೊಮ್ಮಕ್ಕಳು ಅವಳ ಸುತ್ತ ಆಡುತ್ತಿದ್ದರು. ಈ ಮಕ್ಕಳಿಗೆ ಒಮ್ಮೆಯಾದರೂ ಬ್ರೆಡ್ಡು ಮಾಡಿಕೊಟ್ಟಿದ್ದೀಯಾ ಎಂದು ಕೇಳಿದೆ.

ಅವಳು ಮಡಿಲಲ್ಲಿದ್ದ ಅಂಗೈಗಳನ್ನು ಬಿಚ್ಚಿ ನೋಡಿಕೊಂಡಳು. "ಅವ್ರಿಲ್ದೆ ಎಷ್ಟು ಹಿಟ್ಟು ಕಲಸ್ಬೇಕು ಅಂತ ಕೈಗೆ ತಿಳಿಯಾಕಿಲ್ಲ ಕಣವ್ವಾ" ಅಂದಳು. ಗುಡ್ಡದ ಬಂಡೆಗಳ ಮೇಲಿನ ಬಿಸಿಲು ಇಳಿಯುತ್ತಿತ್ತು. ಕುರಿಗಳು ಮನೆಗೆ ಬರುವವರೆಗೂ ನಾವಿಬ್ಬರೂ ಜಗುಲಿಯ ಮೇಲೆ ಕೂತಿದ್ದೆವು.