ಅಪ್ಪನ ಕಾರಿನ ಹಳೆ ವ್ಯಾಕ್ಸು

ಮುನಿರಾಜು ನನ್ನ ಮುಖದ ಮುಂದೆ ಹಿಡಿದ ಬಟ್ಟೆ ಹಳದಿಯಾಗಿತ್ತು. ಬೆಳಿಗ್ಗೆ ನನ್ನ ಕಣ್ಣೆದುರೇ ಪೊಟ್ಟಣ ಹರಿದು ತೆಗೆದ ಅಚ್ಚ ಬಿಳಿ ಬಟ್ಟೆ ಅದು. ಈಗ ಅದರಲ್ಲಿ ಚಿತ್ರಾನ್ನ ಕಟ್ಟಿ ಬಿಚ್ಚಿದ ಹಾಗಿತ್ತು. “ನೋಡಿ ಮೇಡಂ, ನಿಮ್ಮ ಕಲೆ ಇಲ್ಲಿಗೆ ಬಂತು. ಕಾರಿನ ಮೇಲೆ ಇಲ್ಲ,” ಎಂದ. ನಾನು ಬಟ್ಟೆಯನ್ನು ನೋಡಿದೆ, ಬಾನೆಟ್ಟನ್ನು ನೋಡಿದೆ, ಮತ್ತೆ ಬಟ್ಟೆಯನ್ನು ನೋಡಿದೆ. ಆ ಕಲೆ ಬಣ್ಣದೊಳಕ್ಕೆ ಇಳಿದುಬಿಟ್ಟಿದೆ ಎಂದು ಒಂಬತ್ತು ವರ್ಷಗಳಿಂದ ನಂಬಿದವಳು ನಾನು. ಬರೀ ನಂಬಿದ್ದರೆ ಪರವಾಗಿಲ್ಲ. ಇಡೀ ಬೀದಿಗೆ ಸಾಧಿಸಿ ತೋರಿಸಿದ್ದೆ.

ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನನಗೆ ಮಾಲೂರಿನ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಮುಳಬಾಗಿಲಿನಲ್ಲಿ ಹೈಸ್ಕೂಲು ಮೇಷ್ಟರಾಗಿರುವ ಅಪ್ಪ ತಮ್ಮ ಹಳೆಯ ನೀಲಿ ಕಾರನ್ನು ನನಗೆ ಕೊಟ್ಟರು. ಅದರ ಮುಖ ನೋಡಿದರೆ ಮೂರು ದಿನ ಜ್ವರ ಬಂದು ಎದ್ದವರ ಹಾಗಿತ್ತು. ಕೋಲಾರದ ಮುನಿರಾಜು ಕಾರುಗಳನ್ನು ಹೊಳೆಯಿಸುವುದರಲ್ಲಿ ನಿಪುಣ ಎಂದು ಯಾರೋ ಹೇಳಿದ್ದರಿಂದ ಅಲ್ಲಿಗೆ ಒಯ್ದೆ. ಹೋದ ತಕ್ಷಣ ಪಾಲಿಶ್ ಉಜ್ಜುತ್ತಾನೆ ಅಂದುಕೊಂಡಿದ್ದೆ. ಅವನು ಒಂದು ಚೊಂಬು ನೀರು ತಂದು ಬಾನೆಟ್ಟಿನ ಮೇಲೆ ಸುರಿದು ಸುಮ್ಮನೆ ನಿಂತ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ನೀರು ಮಣಿಮಣಿಯಾಗಿ ನಿಂತಿತು. ಅಂದರೆ ಬಣ್ಣದ ಮೇಲೆ ಹಳೆ ವ್ಯಾಕ್ಸು ಕೂತಿದೆ. ಅದು ಪೂರ್ತಿ ಹೋಗುವ ತನಕ ಹೊಸದೇನು ಹಚ್ಚಿದರೂ ಅದು ಕಾರಿಗೆ ಹಿಡಿಯುವುದಿಲ್ಲ, ಕೊಳೆಗೆ ಹಿಡಿಯುತ್ತದೆ. ನೀರು ಮಣಿ ಕಟ್ಟದೆ ಹಾಳೆಯ ಹಾಗೆ ಜಾರಿ ಹೋದಾಗ ಮಾತ್ರ ಬಣ್ಣ ಬೆತ್ತಲಾಗಿದೆ ಅಂತ ಅರ್ಥ ಎಂದು ವಿವರಿಸಿದ. ಇದಕ್ಕೇನು ಸಾಕ್ಷಿ ಎಂದು ನಾನು ಅಭ್ಯಾಸಬಲದಿಂದ ಕೇಳಿದೆ. ಅವನು ಇನ್ನೊಂದು ಚೊಂಬು ಸುರಿದು ನನ್ನ ಮುಖ ನೋಡಿದ. ಇಷ್ಟು ಚಿಕ್ಕ ಉತ್ತರಕ್ಕೆ ನಾನು ಅಲ್ಲಿಯ ತನಕ ಸೋತಿರಲಿಲ್ಲ.

ಆ ವ್ಯಾಕ್ಸು ಅಪ್ಪನ ಕೈಕೆಲಸ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಮುಂದೆ ಒಂದು ತೋತಾಪುರಿ ಮಾವಿನಮರ ಇದೆ. ನೆರಳು ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದ್ದರಿಂದ ಕಾರು ಅದರ ಕೆಳಗೇ ನಿಲ್ಲುತ್ತಿತ್ತು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ನಿಮಗೆ ಹೇಳುತ್ತೇನೆ: ಮಾವಿನಕಾಯಿ ತೊಟ್ಟು ಕಳಚಿದಾಗ ಚಿಮ್ಮುವ ಸೊನೆ ಕೈಗೆ ಬಿದ್ದರೆ ಬೊಬ್ಬೆ ಏಳುತ್ತದೆ, ಕೆನ್ನೆಗೆ ಬಿದ್ದರೆ ತಿಂಗಳುಗಟ್ಟಲೆ ಕಪ್ಪು ಉಳಿಯುತ್ತದೆ. ಅಂಥದ್ದರಿಂದ ಕಾರನ್ನು ಕಾಪಾಡಲು ಅಪ್ಪ ಪ್ರತಿವರ್ಷ ಶಿವರಾತ್ರಿ ಕಳೆದ ಭಾನುವಾರ ಹಳೆ ಬನಿಯನ್ ಹರಿದುಕೊಂಡು, ಚಪ್ಪಟೆ ಡಬ್ಬಿಯ ವ್ಯಾಕ್ಸು ತೆಗೆದು, ಸುತ್ತಿ ಸುತ್ತಿ ಹಚ್ಚುತ್ತಿದ್ದರು. ಹಳೆಯದನ್ನು ತೆಗೆದು ಹಚ್ಚಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೋಡೆಗೆ ವರ್ಷ ವರ್ಷ ಸುಣ್ಣ ಬಳಿದ ಹಾಗೆ ಒಂದರ ಮೇಲೊಂದು. ಕಾರಿನ ಮೇಲೆ ನಮ್ಮ ಮನೆಯ ಇಷ್ಟೂ ವರ್ಷಗಳು ಪದರ ಪದರವಾಗಿ ಕೂತಿದ್ದವು. ಹೀಗೆ ಬರೆದಾಗ ಸೊಗಸಾಗಿ ಕೇಳಿಸುತ್ತದೆ, ಆದರೆ ಮುನಿರಾಜು ಅದನ್ನು ಕೊಳೆ ಅಂತಲೇ ಕರೆದ.

ಇನ್ನು ಪೆದ್ದಮ್ಮ. ಅಪ್ಪನ ಅಣ್ಣನ ಹೆಂಡತಿ. ಬೇರೆ ಕಡೆಯವರು ದೊಡ್ಡಮ್ಮ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ತೆಲುಗು ಯಾವಾಗ ಒಳಗೆ ಬಂತೋ, ಕನ್ನಡ ಯಾವಾಗ ಅದಕ್ಕೆ ಚಾಪೆ ಹಾಸಿತೋ ಯಾರಿಗೂ ನೆನಪಿಲ್ಲ. ಆಯುಧಪೂಜೆಯ ದಿನ ನಮ್ಮ ಬೀದಿಯ ಸೈಕಲ್ಲಿನಿಂದ ಟ್ರ್ಯಾಕ್ಟರಿನ ತನಕ ಎಲ್ಲ ಗಾಡಿಗಳಿಗೂ ಪೆದ್ದಮ್ಮನ ಕೈಯೇ ಆಗಬೇಕಿತ್ತು. ನೀರಿನಲ್ಲಿ ಕಲಸಿದ ಅರಿಶಿನದಲ್ಲಿ ಮೂರು ಬೆರಳು ಅದ್ದಿ ಒಂದೇ ಸಲಕ್ಕೆ ಎಳೆಯುತ್ತಿದ್ದಳು, ನಡುವೆ ಕುಂಕುಮ. ಹೊಸ ಗಾಡಿ ಕೊಂಡವರು ಪಕ್ಕದ ಊರಿನಿಂದಲೂ ತಂದು ನಿಲ್ಲಿಸುತ್ತಿದ್ದರು. ಅವಳ ಕೈ ಬಿದ್ದ ಗಾಡಿ ಉರುಳುವುದಿಲ್ಲ ಎಂಬ ಮಾತಿತ್ತು. ಉರುಳಿದ ಎರಡು ಗಾಡಿಗಳ ಹೆಸರು ನನ್ನ ಹತ್ತಿರ ಇದ್ದವು. ಅವುಗಳನ್ನು ಹೇಳಿದಾಗ ಯಾರೂ ನನ್ನ ಜೊತೆ ಸಂತೋಷಪಡಲಿಲ್ಲ.

ಆಗ ನಾನು ಎರಡನೇ ಪಿಯುಸಿ. ಜಿಲ್ಲಾ ಮಟ್ಟದ ಚರ್ಚಾಸ್ಪರ್ಧೆಯಲ್ಲಿ ಗೆದ್ದು ಬಂದ ಹೊಸತು. ಚೀಟಿ ಎತ್ತಿದರೆ ಪರವೋ ವಿರೋಧವೋ ಯಾವುದು ಬಂದರೂ ಐದು ನಿಮಿಷದಲ್ಲಿ ಅದು ನನ್ನ ಹುಟ್ಟು ನಂಬಿಕೆ ಆಗಿಬಿಡುತ್ತಿತ್ತು. ಆ ವರ್ಷ ಬಾನೆಟ್ಟಿನ ಬಲಗಡೆ ಅಂಗೈಯಗಲದ ಹಳದಿ ಕಲೆ ಕಾಣಿಸಿಕೊಂಡಿತ್ತು. ಅಪ್ಪ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಹಿಂದಿನ ಆಯುಧಪೂಜೆಗಳ ಅರಿಶಿನವೇ ಅದು ಎಂದು ನಾನು ತೀರ್ಮಾನಿಸಿದ್ದೆ. ಆಯುಧಪೂಜೆಯ ಬೆಳಿಗ್ಗೆ ಪೆದ್ದಮ್ಮ ಬಟ್ಟಲು ಹಿಡಿದು ಕಾರಿನ ಹತ್ತಿರ ಬಂದಾಗ ನಾನು ಜಗಲಿ ಇಳಿದು ಅಡ್ಡ ನಿಂತೆ. ಅರಿಶಿನದ ಗುಣ, ಬಣ್ಣದ ಗುಣ, ನಂಬಿಕೆಯ ಹೆಸರಲ್ಲಿ ಆಗುವ ನಷ್ಟ, ಮೂರು ಭಾಗವಾಗಿ ಮಾತಾಡಿದೆ. ಕೊನೆಗೆ ಬಚ್ಚಲಿನಿಂದ ಬಿಳಿ ಪ್ಲಾಸ್ಟಿಕ್ ಬಕೆಟ್ ತಂದು ತೋರಿಸಿದೆ. ಹಿಂದಿನ ದಿನವೇ ಅದಕ್ಕೆ ಅರಿಶಿನ ಬಳಿದು, ತೊಳೆದು, ಹೋಗದ ಕಲೆಯನ್ನು ತಯಾರು ಮಾಡಿ ಇಟ್ಟಿದ್ದೆ. ಬಕೆಟ್ ಬೇರೆ, ಕಾರಿನ ಬಣ್ಣ ಬೇರೆ ಎಂದು ಅಲ್ಲಿ ನೆರೆದವರಲ್ಲಿ ಒಬ್ಬರಾದರೂ ಕೇಳಬಹುದಿತ್ತು. ಎದುರು ತಂಡದಲ್ಲಿ ನಾನಿದ್ದಿದ್ದರೆ ಕೇಳುತ್ತಿದ್ದೆ.

ಪೆದ್ದಮ್ಮ ಒಂದೇ ಮಾತು ಹೇಳಿದಳು. ಮರದ ಕೆಳಗೆ ನಿಲ್ಲಿಸಬೇಡಿ ಅಂತ ಎಷ್ಟು ಸಲ ಹೇಳಿದೀನಿ, ಸೊನೆ ಬೀಳ್ತದೆ, ಅಂದಳು. ನಾನು ತಕ್ಷಣ, “ಅದು ವಿಷಯಾಂತರ ಪೆದ್ದಮ್ಮ,” ಎಂದೆ.

ಅಪ್ಪ ಜೋರಾಗಿ ನಕ್ಕು ಚಪ್ಪಾಳೆ ತಟ್ಟಿದರು. ಬೀದಿಯವರೂ ನಕ್ಕರು. ಪೆದ್ದಮ್ಮ ಬಟ್ಟಲಿನ ಅರಿಶಿನವನ್ನು ತುಳಸಿಗಿಡದ ಬುಡಕ್ಕೆ ಚೆಲ್ಲಿ, ಕೈ ತೊಳೆದುಕೊಂಡು ಒಳಗೆ ಹೋದಳು. ಆಮೇಲೆ ಯಾರ ಗಾಡಿಯನ್ನೂ ಮುಟ್ಟಲಿಲ್ಲ. ಅವಳ ಮಗ ನರಸಿಂಹಣ್ಣ ಹೊಸ ಟ್ರ್ಯಾಕ್ಟರ್ ತಂದಾಗ ಹೆಂಡತಿಯ ಕೈಯಲ್ಲಿ ಪೂಜೆ ಮಾಡಿಸಿದ. ಪಕ್ಕದ ಊರಿನವರು ಎರಡು ವರ್ಷ ಬಂದು ಕೇಳಿ ನಂತರ ನಿಲ್ಲಿಸಿದರು. ನಾನು ಗೆದ್ದ ಚರ್ಚೆಗಳಲ್ಲಿ ತೀರ್ಪು ಇಷ್ಟು ಕಟ್ಟುನಿಟ್ಟಾಗಿ ಜಾರಿಯಾದದ್ದು ಅದೊಂದೇ. ಒಳಗೊಳಗೇ ನನಗೆ ಹೆಮ್ಮೆ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಈಗ ಮುನಿರಾಜುವಿನ ಕೈಯ ಬಟ್ಟೆಗೆ ಬರೋಣ. ಮೊದಲು ಗಡುಸು ಸೋಪಿನ ನೀರು, ಆಮೇಲೆ ಸ್ಪಿರಿಟ್ ವಾಸನೆಯ ಎಂಥದೋ ದ್ರವ. ಸ್ವಲ್ಪ ಸ್ವಲ್ಪವೇ ಜಾಗಕ್ಕೆ ಹಚ್ಚಿ, ಒರೆಸಿ, ಬಟ್ಟೆ ಮಡಿಸಿ, ಹೊಸ ಮಗ್ಗುಲಿಂದ ಮತ್ತೆ ಒರೆಸಿದ್ದ. ಹಳದಿ ಕಲೆ ವ್ಯಾಕ್ಸಿನ ಜೊತೆಗೇ ಎದ್ದು ಬಂದಿತ್ತು. ಕೆಳಗಿನ ನೀಲಿ ಏನೂ ಆಗದವರ ಹಾಗೆ ತಣ್ಣಗೆ ನನ್ನನ್ನು ನೋಡುತ್ತಿತ್ತು. ಹಾಗಾದರೆ ಅರಿಶಿನ ಬಣ್ಣದ ತನಕ ಹೋಗಲೇ ಇಲ್ಲವಾ ಎಂದು ಕೇಳಿದೆ.

“ಯಾವ ಅರಿಶಿನ ಮೇಡಂ? ಹಳೇ ವ್ಯಾಕ್ಸು ದಪ್ಪ ಕೂತಿದ್ ಕಡೆ ಇಂಗೇ ಹಳ್ದಿ ಆಗ್ತದೆ. ನನ್ ಹತ್ರ ಬರೋ ಕಾರ್‌ಗೆಲ್ಲ ಅರಿಶಿನ ಹಚ್ಕೊಂಡ್ ಬರ್ತಾರಾ?”

ನನ್ನ ತಲೆಯಲ್ಲಿ ಎರಡೂ ತಂಡಗಳು ಒಟ್ಟಿಗೇ ಎದ್ದು ನಿಂತವು. ಅದು ಅರಿಶಿನವೇ ಆಗಿದ್ದರೆ, ವ್ಯಾಕ್ಸಿನಲ್ಲೇ ನಿಂತುಹೋಗಿದೆ, ಪೆದ್ದಮ್ಮ ನಿರಪರಾಧಿ. ಅರಿಶಿನವೇ ಅಲ್ಲದಿದ್ದರೆ, ಕಲೆ ಹಾಕಿದ್ದು ಅಪ್ಪನ ವ್ಯಾಕ್ಸು. ಆಗಲೂ ಪೆದ್ದಮ್ಮ ನಿರಪರಾಧಿ. ಯಾವ ಚೀಟಿ ಎತ್ತಿದರೂ ಅದೇ ತೀರ್ಪು. ಅಷ್ಟರಲ್ಲಿ ಮುನಿರಾಜು ಬೆರಳಿನಿಂದ ತೋರಿಸುತ್ತಾ, ಬಾನೆಟ್ಟನ್ನು ಓರೆಯಾಗಿ ಬೆಳಕಿಗೆ ನೋಡಲು ಹೇಳಿದ. ನೋಡಿದೆ. ಕಾಳಿನಷ್ಟು ದೊಡ್ಡ ತಗ್ಗುಗಳು, ಕೆಲವಕ್ಕೆ ಜಾರಿದ ಬಾಲ. ಇದು ಮಾತ್ರ ಬಣ್ಣಕ್ಕೆ ಇಳಿದಿದೆ, ಮಾವಿನ ಸೊನೆ, ಬಿಸಿಲಿಗೆ ವ್ಯಾಕ್ಸನ್ನೂ ತಿಂದುಕೊಂಡು ಒಳಗೆ ಹೋಗಿದೆ, ಅದರ ಮೇಲೆ ಮತ್ತೆ ಮತ್ತೆ ವ್ಯಾಕ್ಸು ಹಚ್ಚಿ ಯಾರೋ ಮುಚ್ಚಿದ್ದಾರೆ ಎಂದ. ನಿಮ್ಮ ಮನೆ ಶ್ರೀನಿವಾಸಪುರದ ಕಡೆಯಾ ಎಂದೂ ಕೇಳಿದ. ವಿಷಯಾಂತರ ಅಂದಿದ್ದೇ ವಿಷಯವಾಗಿತ್ತು.

ಇನ್ನು ಕ್ಲೇ ಅನ್ನುವ ಜೇಡಿಯಂಥ ಮುದ್ದೆ ಉಜ್ಜಿ, ಪಾಲಿಶ್ ಹಿಡಿದರೆ ಆ ತಗ್ಗುಗಳೂ ಮುಕ್ಕಾಲು ಪಾಲು ಹೋಗುತ್ತವೆ ಎಂದ. ಬೇಡ, ಹೀಗೇ ಕೊಡಿ, ನಾಳೆ ತರುತ್ತೇನೆ ಎಂದೆ. ಅವನು ಗಾಬರಿಯಾದ. ಬೆತ್ತಲೆ ಬಣ್ಣವನ್ನು ಬಿಸಿಲಿಗೆ ಒಯ್ಯುವವರನ್ನು ಅವನು ನೋಡಿರಲಿಲ್ಲ. ಸಾಕ್ಷ್ಯವನ್ನು ಅಳಿಸುವ ಮೊದಲು ತೋರಿಸಬೇಕಾದವರಿದ್ದಾರೆ ಎಂದು ಅವನಿಗೆ ಹೇಗೆ ಹೇಳಲಿ?

ಶ್ರೀನಿವಾಸಪುರದ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮನೆಯಲ್ಲಿ ಪೆದ್ದಮ್ಮ ಜಗಲಿಯ ಮೇಲೆ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ತೆಗೆಯುತ್ತಿದ್ದಳು. ನರಸಿಂಹಣ್ಣ ತೋಟಕ್ಕೆ ಹೋಗಿದ್ದ. ಪೆದ್ದಮ್ಮ ಊಟ ಆಯ್ತಾ ಎಂದು ಕೇಳಿದಳು, ಕಾಲೇಜಿನ ಸಮಾಚಾರ ಕೇಳಿದಳು. ನಾನು ಅವಳನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ, ವ್ಯಾಕ್ಸು, ಹಳದಿ, ಸೊನೆ, ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ಒಂಬತ್ತು ವರ್ಷದ ಹಿಂದಿನಷ್ಟೇ ಚೆನ್ನಾಗಿ ಮಾತಾಡಿದೆ ಎಂದು ನನಗೇ ಅನ್ನಿಸಿತು. ಅವಳು ಬಗ್ಗಿ ಆ ತಗ್ಗುಗಳ ಮೇಲೆ ಬೆರಳಾಡಿಸಿದಳು.

“ಅಂಗಾದ್ರೆ ಈಗ ನನ್ ಕಡೆ ವಾದ ಮಾಡಕ್ಕೆ ಬಂದಿದೀಯಾ?”

“ಹೂಂ ಪೆದ್ದಮ್ಮ. ಅವತ್ತು ನಾನು ಹೇಳಿದ್ದು ತಪ್ಪು.”

“ನಾನೇನ್ ಕೋರ್ಟಿಗೆ ಹೋಗಿದ್ನಾ?” ಅವಳು ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ. ವಾಪಸ್ಸು ಬಂದು ಹುಣಸೆಯ ಮುಂದೆ ಕೂತಳು. ಬೀಜ ತೆಗೆಯುತ್ತಾ ಹೇಳಿದಳು: “ಬಣ್ಣ ಹೋಗ್ತದೆ ಅಂತ ನಾ ಬಿಟ್ಟೆ ಅಂದ್ಕೊಂಡಿದೀಯಾ? ನೀ ಹೇಳಿದ್ರಲ್ಲಿ ಅರ್ಧ ನಂಗೆ ಅರ್ಥನೇ ಆಗ್ಲಿಲ್ಲ ಕಣೇ. ನೀ ಮಗು, ಮಾತಾಡ್ದೆ. ನಿಮ್ಮಪ್ಪ ಚಪ್ಪಾಳೆ ತಟ್ಟಿದ್ನಲ್ಲ. ನಾ ಈ ಮನೆಗೆ ಬಂದಾಗ ಅವನಿಗೆ ಚಡ್ಡಿ ಹಾಕ್ಕೊಳಕ್ಕೆ ಬರ್ತಿರ್ಲಿಲ್ಲ. ಸ್ನಾನ ಮಾಡ್ಸಿ, ತಲೆ ಬಾಚಿ ಸ್ಕೂಲಿಗೆ ಕಳಿಸ್ದೋಳು ನಾನು. ಬೀದಿ ಪೂರ್ತಿ ನೋಡ್ತಿತ್ತು.”

ಕಾರಿನ ಬಣ್ಣವನ್ನು ಬೆತ್ತಲೆ ಮಾಡಿ ಮೂವತ್ತು ಕಿಲೋಮೀಟರು ಬಿಸಿಲಲ್ಲಿ ಓಡಿಸಿಕೊಂಡು ಬಂದ ಸಾಕ್ಷ್ಯ ಯಾವ ಕೆಲಸಕ್ಕೂ ಬರಲಿಲ್ಲ. ನೋವು ನನ್ನಿಂದ ಆಗಿದ್ದರೆ ಕ್ಷಮೆ ಕೇಳುತ್ತಿದ್ದೆ. ತಪ್ಪು ನನ್ನದೇ, ಆದರೆ ನೋವು ಮಾತ್ರ ಬೇರೆ ಕಡೆಯಿಂದ ಆಗಿದೆ. ನನ್ನ ವಾದಕ್ಕೆ ನೋಯಿಸುವಷ್ಟೂ ತೂಕ ಇರಲಿಲ್ಲ ಎಂಬುದು ಸಮಾಧಾನವೋ ಅವಮಾನವೋ ಇವತ್ತಿಗೂ ಗೊತ್ತಾಗಿಲ್ಲ. ಏನು ಮಾಡಲೂ ತೋಚದೆ, ಈಗ ಒಂದು ಸಲ ಕಾರಿಗೆ ಅರಿಶಿನ ಇಟ್ಟುಬಿಡು ಎಂದು ಕೇಳಿದೆ.

“ನಿಂಗೆ ಅದ್ರಲ್ಲಿ ನಂಬಿಕೆ ಬಂತಾ?”

“ಇಲ್ಲ.”

“ಮತ್ಯಾಕೆ?”

“ಗೊತ್ತಿಲ್ಲ ಪೆದ್ದಮ್ಮ.”

“ಗೊತ್ತಾದಾಗ ಬಾ,” ಎಂದಳು. ಸಿಟ್ಟಿನಿಂದಲ್ಲ, ಅಂಗಡಿಯವರು ಸಕ್ಕರೆ ನಾಳೆ ಬರ್ತದೆ ಅನ್ನುವ ಹಾಗೆ. ನಾನು ಹುಣಸೆಗೆ ಕೈ ಚಾಚಿದೆ. ಬೇಡ ಬಿಡು ಎಂದಳು.

ಆ ಸಂಜೆ ಅಪ್ಪನಿಗೆ ಫೋನ್ ಮಾಡಿದೆ. ಅವತ್ತು ಚಪ್ಪಾಳೆ ತಟ್ಟಿದ್ದು ನೆನಪಿದೆಯಾ ಎಂದರೆ ಇಲ್ಲ ಎಂದರು. ನನ್ನ ಬಕೆಟ್ ಮಾತ್ರ ನೆನಪಿತ್ತು; ಅದನ್ನು ನೆನೆದು ಈಗಲೂ ನಕ್ಕರು. ಪೆದ್ದಮ್ಮ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ನಗು ನಿಂತಿತು. “ವದಿನ ಅಂಗಂದ್ರಾ?” ಎಂದರು. ಅತ್ತಿಗೆಯನ್ನು ಅವರು ಕರೆಯುವುದೇ ಹಾಗೆ. ಆಮೇಲೆ ನಾಳೆ ಶಾಲೆಯಲ್ಲಿ ಪರೀಕ್ಷೆ ಇದೆ ಎಂದು ಇಟ್ಟುಬಿಟ್ಟರು. ಹೇಳಬಾರದಿತ್ತೇನೋ ಎಂದು ರಾತ್ರಿಯೆಲ್ಲ ಅನ್ನಿಸಿತು. ಹೇಳಲೇಬೇಕಿತ್ತು ಎಂದೂ ಅನ್ನಿಸಿತು.

ಮೊನ್ನೆ ಭಾನುವಾರ ಮಾಲೂರಿನ ನನ್ನ ಕೋಣೆಯಲ್ಲಿ ಕೂತು, ಕಾಲೇಜಿನ ಮಕ್ಕಳ ಚರ್ಚಾಸ್ಪರ್ಧೆಗೆ ವಿಷಯಗಳನ್ನು ಹುಡುಕುತ್ತಿದ್ದೆ. ಒಂದಕ್ಕೂ ಮನಸ್ಸು ಒಪ್ಪುತ್ತಿರಲಿಲ್ಲ. ಆಗ ನರಸಿಂಹಣ್ಣನ ಫೋನ್ ಬಂತು. ದನಿ ತಗ್ಗಿಸಿ ಮಾತಾಡುತ್ತಿದ್ದ.

“ಚಿಕ್ಕಪ್ಪ ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಬಂದವ್ರೆ ಕಣಮ್ಮ. ಜಗಲಿ ಮೇಲೆ ಅಮ್ಮನ ಎದುರ್ಗೆ ಕೂತವ್ರೆ. ಒಂದು ಗಂಟೆ ಆಯ್ತು, ಇಬ್ರೂ ಬಾಯೇ ಬಿಟ್ಟಿಲ್ಲ. ಏನಾರ ಜಗಳಾನಾ?”

ಪೆದ್ದಮ್ಮ ಏನು ಮಾಡುತ್ತಿದ್ದಾಳೆ ಎಂದು ಕೇಳಿದೆ.

“ಹುಣಸೆ ಬೀಜ ತೆಗೀತವ್ಳೆ. ಆಗ್ಲೇ ಚಿಕ್ಕಪ್ಪಂಗೂ ಒಂದು ಮೊರ ಕೊಟ್ಟವ್ಳೆ, ಅವ್ರೂ ತೆಗೀತವ್ರೆ. ರಾಜಿನಾ, ಜಗಳಾನಾ, ನೀನಾದ್ರೂ ಹೇಳು. ನಾನ್ ಹೋಗಿ ಕೇಳ್ಲಾ?”

“ಬೇಡಣ್ಣ,” ಎಂದೆ. “ನಂಗೂ ಗೊತ್ತಾಗ್ತಿಲ್ಲ. ಯಾರೂ ಏನೂ ಕೇಳ್ಬೇಡಿ.”